ಓದುಗರಿಗೂ ಬೇಕು ವರದಿಗಾರರ ಕಣ್ಣು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಪತ್ರಕರ್ತನಲ್ಲ, ಆಗುವ ಉದ್ದೇಶವೂ ಇಲ್ಲ. ಈ ಕೌಶಲಗಳು ನನಗೇಕೆ?

ಮುದ್ರಿತ ಪತ್ರಿಕೆಗಳ ಕಾಲದಲ್ಲಿ ಒಂದು ವದಂತಿ ಓದುಗರ ಕೈಸೇರಬೇಕಾದರೆ ವರದಿಗಾರ, ಉಪಸಂಪಾದಕ, ಸುದ್ದಿ ಸಂಪಾದಕ ಹೀಗೆ ಹಲವರನ್ನು ದಾಟಿ ಬರಬೇಕಿತ್ತು. ಅವರಲ್ಲಿ ಯಾರಾದರೊಬ್ಬರು 'ಇದನ್ನು ಹೇಳಿದವರು ಯಾರು?' ಎಂದು ಕೇಳಿ, ಅದಕ್ಕೆ ಉತ್ತರ ಸಿಗದಿದ್ದರೆ ಸುದ್ದಿ ಅಲ್ಲಿಗೇ ನಿಲ್ಲುತ್ತಿತ್ತು. ಆ ವ್ಯವಸ್ಥೆಯಲ್ಲಿ ದೋಷಗಳೇ ಇರಲಿಲ್ಲವೆಂದು ಯಾರೂ ಹೇಳಲಾರರು. ಆದರೆ ಕೇಳುವುದು ಯಾರ ಕೆಲಸ ಎಂಬುದಾದರೂ ನಿಶ್ಚಿತವಾಗಿತ್ತು. ಇಂದು ಮೊಬೈಲಿಗೆ ಬಂದು ಬೀಳುವ ಮಾಹಿತಿಯಲ್ಲಿ ಬಹುಪಾಲು ಅಂಥ ಯಾರ ಕಣ್ಣಿಗೂ ಬಿದ್ದಿರುವುದಿಲ್ಲ. ಆ ಕೆಲಸ ಈಗ ಓದುಗರ ಪಾಲಿಗೆ ಬಂದಿದೆ. ಫಾರ್ವರ್ಡ್ ಗುಂಡಿ ಒತ್ತುವವರಂತೂ ಆ ಕ್ಷಣದ ಮಟ್ಟಿಗೆ ಪ್ರಕಾಶಕರೇ ಆಗಿರುತ್ತಾರೆ.

ಇದು ಉತ್ಪ್ರೇಕ್ಷೆಯಲ್ಲ. ಅಮೆರಿಕದ ಎಂಐಟಿ ಸಂಸ್ಥೆಯ ಮೂವರು ಸಂಶೋಧಕರು 2006ರಿಂದ 2017ರವರೆಗೆ ಟ್ವಿಟ್ಟರ್‌ನಲ್ಲಿ ಸುಮಾರು 30 ಲಕ್ಷ ಜನ ಹಂಚಿಕೊಂಡ ಸುದ್ದಿಗಳನ್ನು ಪರಿಶೀಲಿಸಿ, 2018ರಲ್ಲಿ 'ಸೈನ್ಸ್' ನಿಯತಕಾಲಿಕದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಿಜಸುದ್ದಿಗಿಂತ ಸುಳ್ಳುಸುದ್ದಿ ಮರುಹಂಚಿಕೆಯಾಗುವ ಸಾಧ್ಯತೆ ಶೇ 70ರಷ್ಟು ಹೆಚ್ಚಾಗಿತ್ತು. 1,500 ಜನರನ್ನು ತಲುಪಲು ನಿಜಸುದ್ದಿಗೆ ಸುಳ್ಳಿಗಿಂತ ಆರು ಪಟ್ಟು ಸಮಯ ಬೇಕಾಗಿತ್ತು. ಇದಕ್ಕೆ ಯಂತ್ರಚಾಲಿತ ಖಾತೆಗಳೇ ಕಾರಣವೆಂದು ಹೇಳುವಂತೆಯೂ ಇರಲಿಲ್ಲ, ಏಕೆಂದರೆ ಅಂಥ ಖಾತೆಗಳು ನಿಜವನ್ನೂ ಸುಳ್ಳನ್ನೂ ಹೆಚ್ಚುಕಡಿಮೆ ಸಮಾನವಾಗಿ ಹರಡಿದ್ದವು. ಸುಳ್ಳಿನ ವೇಗವನ್ನು ಹೆಚ್ಚಿಸಿದವರು ಮನುಷ್ಯರು.

ಇಲ್ಲಿ ಹೇಳುವ ಮೂಲಕೌಶಲ ಎಂದರೆ ನಿಖರವಾಗಿ ಯಾವುದು?

ಚಂದವಾಗಿ ಬರೆಯುವುದಲ್ಲ, ಚುರುಕಾದ ತಲೆಬರಹ ಕೊಡುವುದೂ ಅಲ್ಲ. ಹೊಸದಾಗಿ ಸೇರಿದ ವರದಿಗಾರರು ಸುದ್ದಿಮನೆಯಲ್ಲಿ ಎದುರಿಸುವ ಅತ್ಯಂತ ಮುಜುಗರದ ಪ್ರಶ್ನೆಯೊಂದಿದೆ: 'ಇದು ನಿಮಗೆ ಹೇಗೆ ಗೊತ್ತಾಯಿತು?' ಮೂಲಕೌಶಲವೆಂದರೆ ಆ ಪ್ರಶ್ನೆಯನ್ನು ಕೇಳಿಕೊಳ್ಳುವ ಅಭ್ಯಾಸ ಮತ್ತು ಬರುವ ಉತ್ತರದ ತೂಕವನ್ನು ಅಳೆಯುವ ಶಕ್ತಿ. ತಾನೇ ಕಂಡಿದ್ದು, ಕಂಡವರಿಂದ ಕೇಳಿದ್ದು, ಕೇಳಿದವರಿಂದ ಕೇಳಿದ್ದು, ದಾಖಲೆಯಲ್ಲಿ ಓದಿದ್ದು, ದಾಖಲೆಯ ಬಗ್ಗೆ ಯಾರೋ ಬರೆದಿದ್ದನ್ನು ಓದಿದ್ದು: ಇವೆಲ್ಲ ಬೇರೆ ಬೇರೆ ತೂಕದ ಸಂಗತಿಗಳು. ಆನ್‌ಲೈನ್‌ನಲ್ಲಿ ಇವೆಲ್ಲವೂ ಒಂದೇ ಅಕ್ಷರವಿನ್ಯಾಸದಲ್ಲಿ, ಒಂದೇ ಗಾತ್ರದ ಪರದೆಯ ಮೇಲೆ ಕಾಣಿಸಿಕೊಳ್ಳುವುದರಿಂದ ವ್ಯತ್ಯಾಸ ತಾನಾಗಿ ಕಣ್ಣಿಗೆ ಬೀಳುವುದಿಲ್ಲ.

ಯಾರು, ಏನು, ಯಾವಾಗ, ಎಲ್ಲಿ, ಏಕೆ, ಹೇಗೆ ಎಂಬ ಆರು ಪ್ರಶ್ನೆಗಳನ್ನು ಪತ್ರಿಕೋದ್ಯಮದ ಮೊದಲ ತರಗತಿಯಲ್ಲೇ ಹೇಳಿಕೊಡುತ್ತಾರೆ. ಆನ್‌ಲೈನ್ ಓದುಗರಿಗೆ ಇವುಗಳಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವವು 'ಯಾವಾಗ' ಮತ್ತು 'ಎಲ್ಲಿ' ಎಂದು ನನ್ನ ಅಭಿಪ್ರಾಯ. ಹರಿದಾಡುವ ಸುಳ್ಳುಗಳಲ್ಲಿ ಎಷ್ಟೋ ಕಟ್ಟುಕತೆಗಳಲ್ಲ. ಎಂದೋ ಎಲ್ಲೋ ನಡೆದದ್ದನ್ನು ಇಂದು ಇಲ್ಲಿ ನಡೆದಂತೆ ತೋರಿಸಿದವು. ದಿನಾಂಕ ಮತ್ತು ಸ್ಥಳ ಎರಡನ್ನೂ ಹೇಳದ ಸಂದೇಶವನ್ನು ಯಾವ ಉಪಸಂಪಾದಕರೂ ಪುಟಕ್ಕೆ ಹಾಕುವುದಿಲ್ಲ, ಓದುಗರೂ ಅದನ್ನು ಹಾಗೆಯೇ ಪಕ್ಕಕ್ಕಿಡಬಹುದು.

ಒಂದೇ ಸುದ್ದಿ ಹತ್ತು ಕಡೆ ಬಂದಿದೆ. ಹಾಗಿದ್ದರೆ ಅದು ನಿಜವೇ ಇರಬೇಕಲ್ಲವೇ?

ಹತ್ತು ಬಾಯಿಗಳಿಂದ ಬಂದ ಮಾತಿಗೆ ಮೂಲ ಒಂದೇ ಆಗಿದ್ದರೆ, ಲೆಕ್ಕಕ್ಕೆ ಬರುವುದು ಒಂದೇ. ಈ ಇಡೀ ಪುಟದಲ್ಲಿ ಒಂದನ್ನೇ ನೆನಪಿಡಬಹುದು ಎನ್ನುವವರಿಗೆ ನಾನು ಸೂಚಿಸುವುದು ಇದನ್ನೇ. ಕನಿಷ್ಠ ಎರಡು ಮೂಲಗಳಿಂದ ದೃಢಪಡಿಸಿಕೊಳ್ಳಬೇಕೆಂಬ ಸುದ್ದಿಮನೆಯ ರೂಢಿಯಲ್ಲಿ ಮುಖ್ಯವಾದದ್ದು ಎರಡೆಂಬ ಸಂಖ್ಯೆಯಲ್ಲ, ಆ ಎರಡು ಮೂಲಗಳಲ್ಲಿ ಒಂದು ಮತ್ತೊಂದರಿಂದ ಕಡ ತಂದಿರಬಾರದು ಎಂಬ ಷರತ್ತು.

2009ರ ಮಾರ್ಚ್‌ನಲ್ಲಿ ಫ್ರಾನ್ಸಿನ ಚಲನಚಿತ್ರ ಸಂಗೀತ ಸಂಯೋಜಕ ಮೋರಿಸ್ ಜಾರ್ ನಿಧನರಾದಾಗ, ಡಬ್ಲಿನ್ನಿನ ವಿದ್ಯಾರ್ಥಿಯೊಬ್ಬ ಪತ್ರಿಕೆಗಳನ್ನು ಪರೀಕ್ಷಿಸುವ ಉದ್ದೇಶದಿಂದಲೇ, ಜಾರ್ ಹೇಳಿದ್ದರೆನ್ನಲಾದ ಒಂದು ಭಾವಪೂರ್ಣ ಮಾತನ್ನು ತಾನೇ ಹೊಸೆದು ವಿಕಿಪೀಡಿಯಕ್ಕೆ ಸೇರಿಸಿದ. ಮೂಲದ ಉಲ್ಲೇಖವಿಲ್ಲವೆಂಬ ಕಾರಣಕ್ಕೆ ವಿಕಿಪೀಡಿಯದ ಸಂಪಾದಕರು ಅದನ್ನು ತೆಗೆದುಹಾಕಿದರು. ಆದರೆ ಅಷ್ಟರಲ್ಲಿ ಬ್ರಿಟನ್ನಿನ 'ಗಾರ್ಡಿಯನ್' ಸೇರಿದಂತೆ ಬೇರೆ ಬೇರೆ ದೇಶಗಳ ಪತ್ರಿಕೆಗಳು ಆ ಮಾತನ್ನು ತಮ್ಮ ಶ್ರದ್ಧಾಂಜಲಿ ಬರಹಗಳಲ್ಲಿ ಬಳಸಿಕೊಂಡಿದ್ದವು. ಸುಮಾರು ಒಂದು ತಿಂಗಳ ಬಳಿಕ ಆ ವಿದ್ಯಾರ್ಥಿಯೇ ಪತ್ರಿಕೆಗಳಿಗೆ ಬರೆದು ತಿಳಿಸುವವರೆಗೂ ಯಾರಿಗೂ ಸಂಶಯ ಬಂದಿರಲಿಲ್ಲ. ಅವನು ಸುಮ್ಮನಿದ್ದಿದ್ದರೆ ಆ ಪತ್ರಿಕೆಗಳನ್ನೇ ಆಧಾರವಾಗಿ ತೋರಿಸಿ ಅದೇ ಮಾತು ವಿಕಿಪೀಡಿಯಕ್ಕೆ ಮರಳುವುದಕ್ಕೆ ಏನೂ ಅಡ್ಡಿಯಿರಲಿಲ್ಲ. ಆಗ ಪರಿಶೀಲಿಸಲು ಹೊರಟವರಿಗೆ ಹಲವು 'ಪುರಾವೆ'ಗಳು ಸಿಗುತ್ತಿದ್ದವು, ಎಲ್ಲವೂ ಒಬ್ಬ ವಿದ್ಯಾರ್ಥಿಯ ಕಲ್ಪನೆಯಿಂದ ಹುಟ್ಟಿದವು.

ಸುದ್ದಿಸಂಸ್ಥೆಗಳ ವರದಿಗಳ ವಿಷಯದಲ್ಲೂ ಇದನ್ನು ಗಮನಿಸಬೇಕು. ಒಂದೇ ಏಜೆನ್ಸಿಯ ವರದಿಯನ್ನು ಇಪ್ಪತ್ತು ಪತ್ರಿಕೆಗಳು ಪ್ರಕಟಿಸಿದರೆ ಅದು ಒಂದೇ ವರದಿ. ವಾಕ್ಯಗಳು ಅಕ್ಷರಶಃ ಒಂದೇ ಆಗಿರುವುದು, ಒಂದೇ ಹೇಳಿಕೆ, ಒಂದೇ ಚಿತ್ರ, ಕೆಲವೊಮ್ಮೆ ಒಂದೇ ಕಾಗುಣಿತ ದೋಷ: ಇವು ಮೂಲ ಒಂದೇ ಎಂಬುದರ ಗುರುತುಗಳು.

ಮರುಕಳಿಕೆಗೆ ಇನ್ನೊಂದು ಅಪಾಯವಿದೆ. 1977ರಲ್ಲಿ ಅಮೆರಿಕದ ಮನೋವಿಜ್ಞಾನಿಗಳು ಕೆಲವರಿಗೆ ಎರಡು ವಾರಗಳ ಅಂತರದಲ್ಲಿ ಮೂರು ಬಾರಿ ಹಲವು ಹೇಳಿಕೆಗಳನ್ನು ಕೊಟ್ಟು, ಅವು ಎಷ್ಟರಮಟ್ಟಿಗೆ ನಿಜವೆನಿಸುತ್ತವೆ ಎಂದು ಕೇಳಿದರು. ಪ್ರತಿ ಬಾರಿಯೂ ಮರಳಿ ಬಂದ ಹೇಳಿಕೆಗಳ ಮೇಲೆ, ಅವು ನಿಜವಾಗಿರಲಿ ಸುಳ್ಳಾಗಿರಲಿ, ನಂಬಿಕೆ ಹೆಚ್ಚುತ್ತಾ ಹೋಯಿತು. 'ಇದನ್ನು ಎಲ್ಲೋ ಕೇಳಿದ್ದೇನೆ' ಎಂಬ ಪರಿಚಿತ ಭಾವವನ್ನು ಮನಸ್ಸು 'ಇದು ನಿಜ' ಎಂದು ತಿಳಿದುಬಿಡುತ್ತದೆ.

ಎಐ ಚಾಟ್‌ಬಾಟ್ ಅನ್ನು ಕೇಳಿದರೆ ಸಾಲದೇ?

ಹುಡುಕಾಟದ ಆರಂಭಕ್ಕೆ ಅದು ನೆರವಾಗಬಹುದು, ಸಾಕ್ಷಿಯಾಗಲಾರದು. 2023ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯದಲ್ಲಿ ವಿಮಾನಯಾನ ಸಂಸ್ಥೆಯೊಂದರ ವಿರುದ್ಧದ ಮೊಕದ್ದಮೆಯಲ್ಲಿ ವಕೀಲರು ಚಾಟ್‌ಜಿಪಿಟಿ ಒದಗಿಸಿದ ಹಳೆಯ ತೀರ್ಪುಗಳನ್ನು ಉಲ್ಲೇಖಿಸಿದ್ದರು. ಅಂಥ ತೀರ್ಪುಗಳೇ ಇರಲಿಲ್ಲವೆಂದು ನಂತರ ಗೊತ್ತಾಯಿತು, ನ್ಯಾಯಾಲಯ 5,000 ಡಾಲರ್ ದಂಡ ವಿಧಿಸಿತು. ಈ ಪ್ರಕರಣದಲ್ಲಿ ಎಲ್ಲರೂ ಗಮನಿಸಬೇಕಾದ ಒಂದು ವಿವರವಿದೆ. ವಕೀಲರು ಪರಿಶೀಲನೆ ಮಾಡಲೇ ಇಲ್ಲವೆಂದಲ್ಲ. ಈ ತೀರ್ಪು ನಿಜವೇ ಎಂದು ಅದೇ ಚಾಟ್‌ಬಾಟನ್ನು ಕೇಳಿದ್ದರು, ಅದು ನಿಜವೆಂದೇ ಉತ್ತರಿಸಿತ್ತು. ಹೇಳಿದವರನ್ನೇ ಮತ್ತೆ ಕೇಳುವುದು ಎರಡನೆಯ ಮೂಲವಾಗುವುದಿಲ್ಲ. ಚಾಟ್‌ಬಾಟ್ ಹೆಸರಿಸುವ ದಾಖಲೆ, ತೀರ್ಪು, ವರದಿಗಳನ್ನು ಅವು ಇರಬೇಕಾದ ಜಾಗದಲ್ಲಿಯೇ ತೆರೆದು ಓದಬೇಕು.

ಹಿಂದೆಂದೂ ಹೆಸರು ಕೇಳದ ಜಾಲತಾಣವೊಂದನ್ನು ಅಳೆಯುವುದು ಹೇಗೆ?

ಅದನ್ನು ಬಿಟ್ಟು ಹೊರಬನ್ನಿ. ಈ ಉತ್ತರ ವಿಚಿತ್ರವೆನಿಸಬಹುದು, ಆದರೆ ಇದಕ್ಕೆ ಆಧಾರವಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 10 ಇತಿಹಾಸಕಾರರು, 10 ವೃತ್ತಿಪರ ಫ್ಯಾಕ್ಟ್ ಚೆಕರ್‌ಗಳು (ಸುದ್ದಿಯ ಸತ್ಯಾಸತ್ಯತೆ ಪರಿಶೀಲಿಸುವವರು) ಮತ್ತು 25 ಪದವಿ ವಿದ್ಯಾರ್ಥಿಗಳಿಗೆ ಅಪರಿಚಿತ ಜಾಲತಾಣಗಳನ್ನು ತೋರಿಸಿ, ಅವುಗಳ ವಿಶ್ವಾಸಾರ್ಹತೆಯನ್ನು ನಿರ್ಣಯಿಸಲು ಹೇಳಲಾಯಿತು. ಇತಿಹಾಸಕಾರರೂ ವಿದ್ಯಾರ್ಥಿಗಳೂ ಆ ಪುಟದಲ್ಲೇ ಉಳಿದು, ಅದರ ವಿನ್ಯಾಸ, ಲಾಂಛನ, 'ನಮ್ಮ ಬಗ್ಗೆ' ವಿಭಾಗ, ಗಂಭೀರವಾದ ಭಾಷೆ ಇವನ್ನೆಲ್ಲ ನೋಡಿ ಅನೇಕ ಸಲ ಮೋಸಹೋದರು. ಫ್ಯಾಕ್ಟ್ ಚೆಕರ್‌ಗಳು ಮಾತ್ರ ಕೆಲವೇ ಕ್ಷಣಗಳಲ್ಲಿ ಹೊಸ ಟ್ಯಾಬ್‌ಗಳನ್ನು ತೆರೆದು, ಆ ತಾಣದ ಬಗ್ಗೆ ಇತರರು ಏನು ಹೇಳುತ್ತಾರೆಂದು ಹುಡುಕಿದರು. ಅವರು ಕಡಿಮೆ ಓದಿದರು, ಬೇಗ ಮುಗಿಸಿದರು, ಹೆಚ್ಚು ಸರಿಯಾದ ತೀರ್ಮಾನಕ್ಕೆ ಬಂದರು.

ಜೀವನವಿಡೀ ದಾಖಲೆಗಳನ್ನು ಓದಿದ ವಿದ್ವಾಂಸರೇ ಎಡವಿದ್ದೇಕೆ ಎಂಬುದು ಯೋಚಿಸಬೇಕಾದ ಸಂಗತಿ. ಎದುರಿಗಿರುವ ಪಠ್ಯವನ್ನು ಆಳವಾಗಿ, ಗಮನವಿಟ್ಟು ಓದಬೇಕೆಂಬ ಶಾಲೆಯ ಪಾಠ, ಆ ಪಠ್ಯವನ್ನು ಯಾರೋ ಒಬ್ಬರು ಮೊದಲೇ ಜರಡಿ ಹಿಡಿದಿದ್ದ ಕಾಲಕ್ಕೆ ಸರಿಹೊಂದಿತ್ತು. ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಪುಟವನ್ನು ಎಷ್ಟು ಆಳವಾಗಿ ಓದಿದರೂ ಸಿಗುವುದು ಅದು ಹೇಳಬಯಸಿದ್ದು ಮಾತ್ರ. ಹೀಗಾಗಿ ತಾಣದ ಹೆಸರನ್ನೋ ಸಂಸ್ಥೆಯ ಹೆಸರನ್ನೋ ಬೇರೆಡೆ ಹುಡುಕಿ, ಅದನ್ನು ನಡೆಸುವವರು ಯಾರು, ಹಣ ಎಲ್ಲಿಂದ ಬರುತ್ತದೆ, ಹಿಂದೆ ಯಾವ ವಿಷಯದಲ್ಲಿ ಸಿಕ್ಕಿಬಿದ್ದಿದೆ ಎಂಬುದನ್ನು ನೋಡುವುದು ಮೊದಲ ಹೆಜ್ಜೆಯಾಗಬೇಕು. ಜಾಲವಿಳಾಸದಲ್ಲಿ ಪ್ರಸಿದ್ಧ ಸಂಸ್ಥೆಯ ಹೆಸರಿನ ಒಂದು ಅಕ್ಷರ ಬದಲಾಗಿದೆಯೇ ಎಂಬುದನ್ನೂ ನೋಡಿ. ಪುಟ ಅಳಿಸಿಹೋಗಿದ್ದರೆ ಅಥವಾ ತಿದ್ದಲ್ಪಟ್ಟಿದೆಯೆಂಬ ಅನುಮಾನವಿದ್ದರೆ, ಇಂಟರ್ನೆಟ್ ಆರ್ಕೈವ್ ಸಂಸ್ಥೆಯ ವೇಬ್ಯಾಕ್ ಮಷೀನ್‌ನಲ್ಲಿ ಅದರ ಹಳೆಯ ಪ್ರತಿ ಸಿಗಬಹುದು.

ಫೋಟೊ ಮತ್ತು ವಿಡಿಯೊ ಕಣ್ಣೆದುರಿಗೇ ಇರುವಾಗ ಅನುಮಾನವೇಕೆ?

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಕ್ಯಾಮೆರಾ ಹುಟ್ಟುವ ಮೊದಲಿನದಾದರೂ ಇಲ್ಲಿಗೆ ಸರಿಯಾಗಿ ಹೊಂದುತ್ತದೆ. ಚಿತ್ರದ ವಿಷಯದಲ್ಲಿ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಬೇಕು: ಈ ಚಿತ್ರ ಅಸಲಿಯೇ? ಈ ಚಿತ್ರ ಅದರ ಜೊತೆಗಿರುವ ವಿವರಣೆ ಹೇಳುವುದನ್ನೇ ತೋರಿಸುತ್ತಿದೆಯೇ? ಹೆಚ್ಚಿನವರು ಮೊದಲನೆಯದಕ್ಕೆ ನಿಲ್ಲುತ್ತಾರೆ, ಆದರೆ ಮೋಸ ನಡೆಯುವುದು ಬಹುಪಾಲು ಎರಡನೆಯದರಲ್ಲಿ.

ಪ್ರವಾಹದ ನೀರು ತುಂಬಿದ ರಸ್ತೆಯಲ್ಲಿ ಕಾರಿನ ಪಕ್ಕ ಶಾರ್ಕ್ ಮೀನೊಂದು ಈಜುತ್ತಿರುವ ಚಿತ್ರ 2011ರಲ್ಲಿ ಐರೀನ್ ಚಂಡಮಾರುತದ ಸಮಯದಲ್ಲಿ ಪೋರ್ಟೊ ರಿಕೊ ದ್ವೀಪದ್ದೆಂದು ಹರಿದಾಡಿತು, 2017ರಲ್ಲಿ ಹಾರ್ವಿ ಚಂಡಮಾರುತ ಬಂದಾಗ ಹ್ಯೂಸ್ಟನ್ ನಗರದ್ದಾಯಿತು. ಅದರಲ್ಲಿದ್ದ ಶಾರ್ಕ್, ದಕ್ಷಿಣ ಆಫ್ರಿಕಾದ ಸಮುದ್ರದಲ್ಲಿ ಸಣ್ಣ ದೋಣಿಯೊಂದರ ಹಿಂದೆ ಈಜುತ್ತಿದ್ದಾಗ ತೆಗೆದ ಬೇರೊಂದು ಫೋಟೊದಿಂದ ಕತ್ತರಿಸಿ ಅಂಟಿಸಿದ್ದು. ಇದು ತಿದ್ದಿದ ಚಿತ್ರದ ಕತೆ. ಇನ್ನೊಂದು ಬಗೆಯದು ಇದಕ್ಕಿಂತ ಸರಳ: ಜೆಕ್ ದೇಶದ ಬೊಹೀಮಿಯಾ ಇಂಟರಾಕ್ಟಿವ್ ಎಂಬ ಗೇಮ್ ತಯಾರಿಕಾ ಸಂಸ್ಥೆ, ತನ್ನ 'ಆರ್ಮಾ 3' ವಿಡಿಯೊ ಗೇಮ್‌ನ ದೃಶ್ಯಗಳನ್ನು ಯುಕ್ರೇನ್ ಯುದ್ಧದ ದೃಶ್ಯಗಳೆಂದು ಹಂಚಲಾಗುತ್ತಿದೆ ಎಂದು 2022ರಲ್ಲಿ ತಾನೇ ಪ್ರಕಟಣೆ ಹೊರಡಿಸಬೇಕಾಯಿತು.

ಪರಿಶೀಲನೆಯ ದಾರಿ ಕಷ್ಟದ್ದಲ್ಲ. ಗೂಗಲ್ ಲೆನ್ಸ್ ಅಥವಾ ಟಿನ್‌ಐ ತಾಣಕ್ಕೆ ಚಿತ್ರವನ್ನು ಕೊಟ್ಟು ಹುಡುಕಿದರೆ ಅದೇ ಚಿತ್ರ ಬೇರೆಲ್ಲಿ ಬಂದಿದೆಯೆಂದು ತೋರಿಸುತ್ತವೆ. ಟಿನ್‌ಐನಲ್ಲಿ ಅತ್ಯಂತ ಹಳೆಯ ಪ್ರತಿ ಮೊದಲು ಬರುವಂತೆ ಜೋಡಿಸಿಕೊಳ್ಳಲೂಬಹುದು. ನಿನ್ನೆ ನಡೆದ ಘಟನೆಯ ಚಿತ್ರ ಮೂರು ವರ್ಷ ಹಿಂದೆಯೇ ಪ್ರಕಟವಾಗಿದ್ದರೆ ಮುಂದೆ ಹುಡುಕುವ ಅಗತ್ಯವೇ ಇಲ್ಲ. ವಿಡಿಯೊ ಆದರೆ ಸ್ಪಷ್ಟವಾದ ಒಂದೆರಡು ಫ್ರೇಮ್‌ಗಳ ಸ್ಕ್ರೀನ್‌ಶಾಟ್ ತೆಗೆದು ಹಾಗೆಯೇ ಹುಡುಕಬಹುದು. ಅದರಿಂದ ಏನೂ ಸಿಗದಿದ್ದರೆ ಅಂಗಡಿ ಫಲಕದ ಲಿಪಿ, ವಾಹನದ ನೋಂದಣಿ ಫಲಕದ ಬಣ್ಣ, ಜನರ ಉಡುಪು, ನೆರಳಿನ ದಿಕ್ಕು ಮತ್ತು ಉದ್ದ ಇವು ಸ್ಥಳ ಮತ್ತು ಹೊತ್ತಿನ ಬಗ್ಗೆ ಸುಳಿವು ಕೊಡುತ್ತವೆ. ಎಲಿಯಟ್ ಹಿಗ್ಗಿನ್ಸ್ 2014ರಲ್ಲಿ ಆರಂಭಿಸಿದ ಬೆಲ್ಲಿಂಗ್‌ಕ್ಯಾಟ್ ತಂಡ ಎಲ್ಲರಿಗೂ ಲಭ್ಯವಿರುವ ಇಂಥ ಸುಳಿವುಗಳಿಂದಲೇ ದೊಡ್ಡ ತನಿಖೆಗಳನ್ನು ನಡೆಸಿದೆ.

ಎಐನಿಂದ ಸೃಷ್ಟಿಸಿದ ಚಿತ್ರಗಳನ್ನು ಗುರುತಿಸುವುದು ಸಾಧ್ಯವೇ?

ಬೆರಳುಗಳ ಸಂಖ್ಯೆ, ಕಿವಿಯ ಆಕಾರ, ಹಿನ್ನೆಲೆಯ ಬರಹ ಇವನ್ನು ನೋಡಬೇಕೆಂಬ ಸಲಹೆ ಹಳೆಯದಾಗುತ್ತಿದೆ. ಆ ದೋಷಗಳನ್ನು ಪ್ರತಿ ಹೊಸ ಆವೃತ್ತಿ ಸರಿಪಡಿಸಿಕೊಳ್ಳುತ್ತದೆ. ಹಳತಾಗದೆ ಉಳಿಯುವುದು ಚಿತ್ರದ ಹೊರಗಿನ ಪ್ರಶ್ನೆಗಳು. 2023ರ ಮೇ 22ರಂದು ಅಮೆರಿಕದ ರಕ್ಷಣಾ ಇಲಾಖೆಯ ಕಟ್ಟಡ ಪೆಂಟಗನ್ ಸಮೀಪ ಸ್ಫೋಟವಾಗಿದೆ ಎಂಬ ಕೃತಕ ಚಿತ್ರವೊಂದು ಟ್ವಿಟ್ಟರ್‌ನಲ್ಲಿ ನೀಲಿ ಗುರುತು ಹೊಂದಿದ್ದ ಖಾತೆಗಳ ಮೂಲಕ ಹರಡಿ, ಷೇರುಪೇಟೆ ಅಲ್ಪಕಾಲ ಕುಸಿಯಿತು. ಸ್ಥಳೀಯ ಅಗ್ನಿಶಾಮಕ ಇಲಾಖೆ ಅಂಥ ಘಟನೆ ನಡೆದಿಲ್ಲವೆಂದು ತಿಳಿಸಿತು. ಚಿತ್ರವನ್ನು ಎಷ್ಟು ಹಿಗ್ಗಿಸಿ ನೋಡಿದರೂ ಸಿಗುವುದಕ್ಕಿಂತ ಹೆಚ್ಚಿನ ಉತ್ತರ ಒಂದು ಸಾಮಾನ್ಯ ಪ್ರಶ್ನೆಯಲ್ಲಿತ್ತು: ಸಾವಿರಾರು ಜನ ಮೊಬೈಲ್ ಹಿಡಿದು ಓಡಾಡುವ ಜಾಗದಲ್ಲಿ ಸ್ಫೋಟವಾಗಿದ್ದರೆ ಬೇರೊಂದು ಕೋನದಿಂದ ಇನ್ನೊಂದು ಚಿತ್ರವೂ ಏಕಿಲ್ಲ?

ಹೆಸರಾಂತ ಸಂಸ್ಥೆಯ ಅಧಿಕೃತ ಖಾತೆಯಲ್ಲೇ ಬಂದಿದ್ದರೆ ನಂಬಬಹುದಲ್ಲವೇ?

ಸಾಮಾನ್ಯವಾಗಿ ಹೌದು, ಆದರೆ ಅಸಾಮಾನ್ಯ ಸುದ್ದಿಯಾದರೆ ಸ್ವಲ್ಪ ತಾಳಬೇಕು. 2013ರ ಏಪ್ರಿಲ್ 23ರಂದು ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಟ್ವಿಟ್ಟರ್ ಖಾತೆಗೆ ಕನ್ನ ಹಾಕಿದವರು, ಶ್ವೇತಭವನದಲ್ಲಿ ಸ್ಫೋಟವಾಗಿ ಅಧ್ಯಕ್ಷ ಬರಾಕ್ ಒಬಾಮ ಗಾಯಗೊಂಡಿದ್ದಾರೆ ಎಂದು ಬರೆದರು. ಅಮೆರಿಕದ ಷೇರುಪೇಟೆಯ ಡೌ ಜೋನ್ಸ್ ಸೂಚ್ಯಂಕ ಕೆಲವೇ ನಿಮಿಷಗಳಲ್ಲಿ 140ಕ್ಕೂ ಹೆಚ್ಚು ಅಂಶ ಕುಸಿದು, ಸುಳ್ಳೆಂದು ಗೊತ್ತಾದ ಮೇಲೆ ಅಷ್ಟೇ ಬೇಗ ಚೇತರಿಸಿಕೊಂಡಿತು. ಆ ಹೊತ್ತಿಗೆ ಶ್ವೇತಭವನದೊಳಗೇ ಇದ್ದ ಬೇರೆ ಸಂಸ್ಥೆಗಳ ವರದಿಗಾರರು ಯಾರೂ ಅದನ್ನು ಹೇಳುತ್ತಿರಲಿಲ್ಲ.

ಸ್ಕ್ರೀನ್‌ಶಾಟ್‌ಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಯಾವುದೇ ಪತ್ರಿಕೆಯ ಪುಟವನ್ನೋ ಟಿವಿ ವಾಹಿನಿಯ ಸುದ್ದಿಪಟ್ಟಿಯನ್ನೋ ಹೋಲುವ ಚಿತ್ರವನ್ನು ನಿಮಿಷಗಳಲ್ಲಿ ತಯಾರಿಸಬಹುದು. ಆ ಸಂಸ್ಥೆಯ ತಾಣಕ್ಕೇ ಹೋಗಿ ಸುದ್ದಿ ಅಲ್ಲಿದೆಯೇ ಎಂದು ನೋಡುವುದೊಂದೇ ಪರಿಹಾರ.

ಅಂಕಿಅಂಶಗಳಿರುವ ಸುದ್ದಿಯನ್ನು ಹೇಗೆ ಓದಬೇಕು?

ಯಾವುದರಲ್ಲಿ ಎಷ್ಟು ಎಂದು ಕೇಳಿ. 1995ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿಯು ಕೆಲವು ಹೊಸ ಬಗೆಯ ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟಾಗುತ್ತದೆಂದು ಎಚ್ಚರಿಸಿತು. ಸುದ್ದಿ ಹಬ್ಬಿದಂತೆ ಅನೇಕ ಮಹಿಳೆಯರು ಮಾತ್ರೆಯನ್ನೇ ನಿಲ್ಲಿಸಿದರು, ಬಯಸದ ಗರ್ಭಧಾರಣೆಗಳೂ ಗರ್ಭಪಾತಗಳೂ ಹೆಚ್ಚಿದವು. 'ಎರಡು ಪಟ್ಟು' ಎಂಬುದು ಸುಳ್ಳಾಗಿರಲಿಲ್ಲ. ಅದರ ಅರ್ಥ ಮಾತ್ರ ಇಷ್ಟೇ ಆಗಿತ್ತು: ಹಳೆಯ ಮಾತ್ರೆ ಸೇವಿಸುವ 7,000 ಮಹಿಳೆಯರಲ್ಲಿ ಒಬ್ಬರಿಗೆ ಆಗುತ್ತಿದ್ದದ್ದು ಹೊಸ ಮಾತ್ರೆಯಿಂದ ಇಬ್ಬರಿಗೆ ಆಗಬಹುದಿತ್ತು. ಗರ್ಭಧಾರಣೆಯೇ ಅದಕ್ಕಿಂತ ಹೆಚ್ಚಿನ ಹೆಪ್ಪುಗಟ್ಟುವಿಕೆಯ ಅಪಾಯವನ್ನು ತರುತ್ತದೆಂಬ ವಿಷಯ ಗದ್ದಲದಲ್ಲಿ ಮುಳುಗಿಹೋಯಿತು.

ಶೇಕಡಾವಾರು ಹೆಚ್ಚಳ ಕಂಡಾಗಲೆಲ್ಲ ಮೊದಲು ಎಷ್ಟಿತ್ತು, ಈಗ ಎಷ್ಟಾಗಿದೆ ಎಂಬ ಎರಡು ಸಂಖ್ಯೆಗಳನ್ನು ಹುಡುಕಬೇಕು. ಎಣಿಸಿದವರು ಯಾರು, ಯಾವ ಅವಧಿಯನ್ನು ಆರಿಸಿಕೊಂಡರು ಎಂಬುದನ್ನೂ ನೋಡಬೇಕು; ನಕ್ಷೆಯ ಆರಂಭದ ವರ್ಷವನ್ನು ಸ್ವಲ್ಪ ಅತ್ತಿತ್ತ ಸರಿಸಿದರೆ ಏರಿಕೆ ಇಳಿಕೆಯಾಗಿ ಕಾಣಬಹುದು.

'ವೈಜ್ಞಾನಿಕ ಅಧ್ಯಯನ ಹೇಳಿದೆ' ಎಂದರೆ ಮಾತು ಮುಗಿದಂತೆಯೇ?

ಒಂದೇ ಅಧ್ಯಯನವೂ ಒಂದೇ ಮೂಲವೇ. 1998ರಲ್ಲಿ ಪ್ರತಿಷ್ಠಿತ ವೈದ್ಯಕೀಯ ನಿಯತಕಾಲಿಕ 'ಲ್ಯಾನ್ಸೆಟ್' ಪ್ರಕಟಿಸಿದ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತಿತರರ ಪ್ರಬಂಧ ದಡಾರ, ಮಂಗನಬಾವು, ರುಬೆಲ್ಲಾ ತಡೆಯುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿರಬಹುದೆಂಬ ಭೀತಿಯನ್ನು ಹುಟ್ಟುಹಾಕಿತು. ಅದರಲ್ಲಿದ್ದದ್ದು ಕೇವಲ 12 ಮಕ್ಕಳ ವಿವರ. ಪತ್ರಕರ್ತ ಬ್ರಿಯಾನ್ ಡೀರ್ 2004ರಿಂದ ಪ್ರಕಟಿಸಿದ ತನಿಖಾ ವರದಿಗಳು, ಲಸಿಕೆ ತಯಾರಕರ ಮೇಲೆ ಮೊಕದ್ದಮೆ ಹೂಡಲು ಸಿದ್ಧತೆ ನಡೆಸಿದ್ದ ವಕೀಲರಿಂದ ವೇಕ್‌ಫೀಲ್ಡ್ ಹಣ ಪಡೆದಿದ್ದನ್ನು ಬಯಲಿಗೆಳೆದವು. ಮಕ್ಕಳ ದಾಖಲೆಗಳಿಗೂ ಪ್ರಬಂಧದಲ್ಲಿ ಬರೆದದ್ದಕ್ಕೂ ಹೊಂದಿಕೆಯಿಲ್ಲವೆಂಬುದನ್ನೂ ಅವರು ತೋರಿಸಿದರು. ಲ್ಯಾನ್ಸೆಟ್ 2010ರಲ್ಲಿ ಆ ಪ್ರಬಂಧವನ್ನು ಹಿಂತೆಗೆದುಕೊಂಡಿತು. ಡೀರ್ ವಿಜ್ಞಾನಿಯಾಗಿರಲಿಲ್ಲ. ಹಣ ಕೊಟ್ಟವರು ಯಾರು, ಮೂಲ ದಾಖಲೆ ಏನು ಹೇಳುತ್ತದೆ ಎಂಬ ಪ್ರಶ್ನೆಗಳನ್ನು ಬಿಡದೆ ಕೇಳಿದ್ದೇ ಅವರ ಸಾಧನೆ. ಓದುಗರು ಅಷ್ಟು ದೂರ ಹೋಗಬೇಕಾಗಿಲ್ಲ. ಎಷ್ಟು ಜನರ ಮೇಲೆ ನಡೆದ ಅಧ್ಯಯನ, ಮನುಷ್ಯರ ಮೇಲೋ ಇಲಿಗಳ ಮೇಲೋ, ಬೇರೆಯವರು ಮಾಡಿ ನೋಡಿದಾಗಲೂ ಅದೇ ಫಲಿತಾಂಶ ಬಂದಿದೆಯೇ ಎಂದು ನೋಡಿದರೆ ಬಹಳ ಗೊಂದಲ ತಪ್ಪುತ್ತದೆ.

ತಲೆಬರಹ ಓದಿದರೆ ಸಾಕೇ?

ಸಾಲದು. ಪತ್ರಿಕೆಗಳಲ್ಲಿ ತಲೆಬರಹ ಕೊಡುವವರು ಸಾಮಾನ್ಯವಾಗಿ ವರದಿ ಬರೆದವರಲ್ಲ, ಡೆಸ್ಕಿನಲ್ಲಿರುವವರು. ವರದಿಯ ಕೊನೆಯಲ್ಲಿರುವ ಮಹತ್ವದ 'ಆದರೆ' ತಲೆಬರಹದಲ್ಲಿ ಹಿಡಿಸುವುದಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯ ಮತ್ತು ಫ್ರಾನ್ಸಿನ ಸಂಶೋಧಕರ 2016ರ ಅಧ್ಯಯನದಲ್ಲಿ, ಟ್ವಿಟ್ಟರ್‌ನಲ್ಲಿ ಹಂಚಿಕೆಯಾದ ಸುದ್ದಿ ಕೊಂಡಿಗಳ ಪೈಕಿ ಶೇ 59ರಷ್ಟನ್ನು ಒಬ್ಬರೂ ತೆರೆದೇ ನೋಡಿರಲಿಲ್ಲ.

ಪತ್ರಕರ್ತರೇ ದೊಡ್ಡ ತಪ್ಪುಗಳನ್ನು ಮಾಡುತ್ತಾರಲ್ಲ. ಅವರಿಂದ ಕಲಿಯುವುದೇನು?

ಅವರ ತಪ್ಪುಗಳಿಂದಲೂ ಕಲಿಯಬಹುದು, ಬಹುಶಃ ಅವುಗಳಿಂದಲೇ ಹೆಚ್ಚು. 1983ರ ಏಪ್ರಿಲ್‌ನಲ್ಲಿ ಜರ್ಮನಿಯ 'ಸ್ಟರ್ನ್' ವಾರಪತ್ರಿಕೆ ಹಿಟ್ಲರನ ದಿನಚರಿಗಳು ಸಿಕ್ಕಿವೆಯೆಂದು ಪ್ರಕಟಿಸಿತು. ಅವುಗಳಿಗಾಗಿ ಪತ್ರಿಕೆ 90 ಲಕ್ಷಕ್ಕೂ ಹೆಚ್ಚು ಮಾರ್ಕ್ (ಆಗಿನ ಜರ್ಮನ್ ನಾಣ್ಯ) ಖರ್ಚು ಮಾಡಿತ್ತು, ಖ್ಯಾತ ಇತಿಹಾಸಕಾರ ಹ್ಯೂ ಟ್ರೆವರ್-ರೋಪರ್ ಅವು ಅಸಲಿಯೆಂದು ಮೊದಲು ಹೇಳಿದ್ದರು, ಕೈಬರಹ ತಜ್ಞರೂ ಒಪ್ಪಿದ್ದರು. ಎರಡೇ ವಾರಗಳಲ್ಲಿ ಜರ್ಮನಿಯ ಫೆಡರಲ್ ಪತ್ರಾಗಾರವು ಅವೆಲ್ಲ ನಕಲಿಯೆಂದು ಸಾರಿತು. ಕಾಗದದಲ್ಲಿ ಯುದ್ಧಾನಂತರವಷ್ಟೇ ಬಳಕೆಗೆ ಬಂದ ಬಿಳುಪುಕಾರಕ ರಾಸಾಯನಿಕವಿತ್ತು. ಹಾಗಾದರೆ ಕೈಬರಹ ತಜ್ಞರು ಒಪ್ಪಿದ್ದು ಹೇಗೆ? ಹೋಲಿಕೆಗೆಂದು ಅವರಿಗೆ ಕೊಟ್ಟ 'ಹಿಟ್ಲರನ ಅಸಲಿ ಬರಹ'ಗಳಲ್ಲಿ ಕೆಲವು, ದಿನಚರಿಗಳನ್ನು ಸೃಷ್ಟಿಸಿದ ಕೊನ್ರಾಡ್ ಕುಯಾವು ಎಂಬ ವಂಚಕನೇ ಬರೆದವಾಗಿದ್ದವು. ಒಬ್ಬನ ಕೈಬರಹವನ್ನು ಅವನದೇ ಕೈಬರಹದೊಂದಿಗೆ ಹೋಲಿಸಿ, ಎರಡೂ ಒಂದೇ ಎಂದು ತೀರ್ಮಾನಿಸಿದಂತಾಯಿತು.

ಸುದ್ದಿ ಸೋರಿಹೋಗಬಾರದೆಂಬ ಗೋಪ್ಯತೆ, ಎಲ್ಲರಿಗಿಂತ ಮೊದಲು ಪ್ರಕಟಿಸುವ ಆತುರ, ಅದು ನಿಜವಾಗಿರಲಿ ಎಂಬ ಆಸೆ: ಸ್ಟರ್ನ್ ಪತ್ರಿಕೆಯನ್ನು ಕೆಡಿಸಿದ ಈ ಮೂರೂ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪ್ರತಿದಿನ ಕೆಲಸ ಮಾಡುತ್ತವೆ.

ಇದೀಗ ನಡೆಯುತ್ತಿರುವ ಘಟನೆಯ ಸುದ್ದಿಯನ್ನು ಏನು ಮಾಡಬೇಕು?

ಮೊದಲ ಕೆಲವು ಗಂಟೆಗಳ ಸುದ್ದಿಯಲ್ಲಿ ಸಾವುನೋವಿನ ಸಂಖ್ಯೆ, ಕಾರಣ, ಕೃತ್ಯ ಎಸಗಿದವರ ಗುರುತು ಈ ಮೂರೂ ಬದಲಾಗುವ ಸಾಧ್ಯತೆಯಿದೆ ಎಂದುಕೊಂಡೇ ಓದಬೇಕು. ವ್ಯಕ್ತಿಗಳ ಹೆಸರು ಮತ್ತು ಮುಖದ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟಾಗಿರಬೇಕು. 2013ರ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನ್ ಸ್ಫೋಟದ ನಂತರ ರೆಡ್ಡಿಟ್ ಎಂಬ ಚರ್ಚಾತಾಣದ ಬಳಕೆದಾರರು ಫೋಟೊಗಳನ್ನು ಹೋಲಿಸುತ್ತಾ, ಕಾಣೆಯಾಗಿದ್ದ ಒಬ್ಬ ವಿದ್ಯಾರ್ಥಿಯನ್ನು ಆರೋಪಿಯೆಂದು ಗುರುತಿಸಿಬಿಟ್ಟರು. ಅವನಿಗೂ ಸ್ಫೋಟಕ್ಕೂ ಯಾವ ಸಂಬಂಧವೂ ಇರಲಿಲ್ಲ, ಕೆಲವು ದಿನಗಳಲ್ಲಿ ಅವನ ಮೃತದೇಹ ಪತ್ತೆಯಾಯಿತು. ಮಗನನ್ನು ಹುಡುಕುತ್ತಿದ್ದ ಕುಟುಂಬ ಆ ದಿನಗಳಲ್ಲಿ ಅಪರಿಚಿತರ ನಿಂದನೆಯನ್ನು ಎದುರಿಸಬೇಕಾಯಿತು. ರೆಡ್ಡಿಟ್ ಆಡಳಿತ ಬಹಿರಂಗವಾಗಿ ಕ್ಷಮೆ ಕೇಳಿತು.

ಆರೋಪಕ್ಕೆ ಗುರಿಯಾದವರ ಪ್ರತಿಕ್ರಿಯೆಯನ್ನು ಕೇಳದೆ ವರದಿ ಪ್ರಕಟಿಸಬಾರದೆಂಬ ನಿಯಮ ಸುದ್ದಿಮನೆಗಳಲ್ಲಿ ಇರುವುದು ಸೌಜನ್ಯಕ್ಕಾಗಿ ಮಾತ್ರವಲ್ಲ. ಆ ಒಂದು ಕರೆಯಿಂದಲೇ ಎಷ್ಟೋ ಸುಳ್ಳುಗಳು ಬಿದ್ದುಹೋಗುತ್ತವೆ. ಒಬ್ಬರ ಮೇಲಿನ ಆರೋಪವನ್ನು ಹೊತ್ತ ಸಂದೇಶದಲ್ಲಿ ಅವರ ಮಾತಿಗೆ ಜಾಗವೇ ಇಲ್ಲದಿದ್ದರೆ ಅದನ್ನು ಅರೆಬೆಂದ ವರದಿಯೆಂದೇ ತಿಳಿಯಬೇಕು.

ಬೆಂಕಿಯಿಲ್ಲದೆ ಹೊಗೆ ಏಳುತ್ತದೆಯೇ?

ಆನ್‌ಲೈನ್‌ನಲ್ಲಿ ಧಾರಾಳವಾಗಿ ಏಳುತ್ತದೆ.

ಹಾಗಾದರೆ ಯಾವುದನ್ನೂ ನಂಬದಿರುವುದೇ ಸುರಕ್ಷಿತವಲ್ಲವೇ?

ಅಲ್ಲ. 'ಎಲ್ಲ ಮಾಧ್ಯಮಗಳೂ ಮಾರಾಟವಾಗಿವೆ, ಯಾವುದೂ ನಿಜವಲ್ಲ' ಎನ್ನುವವರು ಜಾಣರಂತೆ ಕಂಡರೂ, ಎಲ್ಲವನ್ನೂ ನಂಬುವವರಷ್ಟೇ ಕಡಿಮೆ ಶ್ರಮ ಪಡುತ್ತಾರೆ. ಇಬ್ಬರೂ ತೂಗಿ ನೋಡುವ ಕೆಲಸವನ್ನು ತಪ್ಪಿಸಿಕೊಂಡಿರುತ್ತಾರೆ. ಇದರಿಂದ ಲಾಭವಾಗುವುದು ತಪ್ಪು ಮಾಡಿದವರಿಗೆ. ಯಾವುದೂ ಅಸಲಿಯಿರಲಾರದೆಂದು ಜನ ನಂಬಿದ ಮೇಲೆ, ನಿಜವಾದ ಧ್ವನಿಮುದ್ರಣವನ್ನೂ ಡೀಪ್‌ಫೇಕ್ (ಎಐ ಬಳಸಿ ಸೃಷ್ಟಿಸಿದ ನಕಲಿ) ಎಂದು ತಳ್ಳಿಹಾಕುವುದು ಸುಲಭ. ಅಮೆರಿಕದ ಕಾನೂನು ವಿದ್ವಾಂಸರಾದ ರಾಬರ್ಟ್ ಚೆಸ್ನಿ ಮತ್ತು ಡೇನಿಯಲ್ ಸಿಟ್ರನ್ ಈ ಅಪಾಯದ ಬಗ್ಗೆ ಹಿಂದೆಯೇ ಎಚ್ಚರಿಸಿದ್ದಾರೆ. ತಿದ್ದುಪಡಿಗಳನ್ನು ಬಹಿರಂಗವಾಗಿ ಪ್ರಕಟಿಸುವ, ವರದಿಗಾರರ ಹೆಸರು ಕೊಡುವ, ದಾಖಲೆಗಳನ್ನು ತೋರಿಸುವ ಸಂಸ್ಥೆಗೂ ಇವು ಯಾವುದನ್ನೂ ಮಾಡದ ಖಾತೆಗೂ ಇರುವ ವ್ಯತ್ಯಾಸ ದೊಡ್ಡದು, ಅದನ್ನು ಕಾಣುವುದೂ ಕೌಶಲವೇ.

ಬಂದ ಪ್ರತಿಯೊಂದನ್ನೂ ಪರಿಶೀಲಿಸಲು ಸಮಯವೆಲ್ಲಿದೆ?

ಬೇಕಾಗಿಯೂ ಇಲ್ಲ. ಸುದ್ದಿಮನೆಯಲ್ಲೂ ಬಂದದ್ದರಲ್ಲಿ ಹೆಚ್ಚಿನದು ಪರಿಶೀಲನೆಗೆ ಹೋಗುವುದಿಲ್ಲ, ಸುಮ್ಮನೆ ಬದಿಗೆ ಸರಿಯುತ್ತದೆ. ಹಂಚದೆ ಬಿಡುವುದಕ್ಕೆ ಯಾವ ಸಂಶೋಧನೆಯೂ ಬೇಡ. ಔಷಧ ಬದಲಿಸುವುದು, ಹಣ ಹೂಡುವುದು, ಮತ ಹಾಕುವುದು, ಒಬ್ಬರ ಮೇಲೆ ಆರೋಪ ಹೊರಿಸುವುದು ಇಂಥ ಕ್ರಿಯೆಗೆ ಕಾರಣವಾಗುವ ಮಾಹಿತಿಗೆ ಮಾತ್ರ ಸಮಯ ಕೊಟ್ಟರೆ ಸಾಕು. 2021ರಲ್ಲಿ 'ನೇಚರ್' ಪ್ರಕಟಿಸಿದ ಗಾರ್ಡನ್ ಪೆನ್ನಿಕುಕ್, ಡೇವಿಡ್ ರ್ಯಾಂಡ್ ಮತ್ತು ಸಹೋದ್ಯೋಗಿಗಳ ಅಧ್ಯಯನದಲ್ಲಿ, ಯಾವುದೋ ಒಂದು ತಲೆಬರಹ ನಿಖರವಾಗಿದೆಯೇ ಎಂದು ಒಮ್ಮೆ ಕೇಳಿದ್ದರಿಂದಲೇ ಜನ ಆನಂತರ ಹಂಚಿದ ಸುದ್ದಿಗಳ ಗುಣಮಟ್ಟ ಸುಧಾರಿಸಿತ್ತು. ಬಹಳಷ್ಟು ಜನರಿಗೆ ನಿಜದ ಬಗ್ಗೆ ಕಾಳಜಿ ಇದೆ; ಬೆರಳು ಗುಂಡಿಯ ಮೇಲಿರುವಾಗ ಅದು ನೆನಪಿಗೆ ಬರುವುದಿಲ್ಲ. ವಾಟ್ಸ್‌ಆ್ಯಪ್ ಸಂದೇಶದ ಮೇಲೆ ಜೋಡಿ ಬಾಣದ ಗುರುತಿದ್ದರೆ ಅದು ಹಲವು ಕೈ ದಾಟಿ ಬಂದಿದೆಯೆಂದು ಅರ್ಥ. ಆಗಲಾದರೂ ಬೆರಳನ್ನು ಒಂದಿಷ್ಟು ಹಿಂದಕ್ಕೆಳೆಯಬಹುದು.

ಫ್ಯಾಕ್ಟ್ ಚೆಕ್ ಸಂಸ್ಥೆಗಳಿರುವಾಗ ಈ ಕೆಲಸವನ್ನು ಅವರಿಗೇ ಬಿಡಬಾರದೇ?

1994ರಲ್ಲಿ ಆರಂಭವಾದ ಸ್ನೋಪ್ಸ್ ಎಂಬ ವದಂತಿ ಪರಿಶೀಲನಾ ತಾಣದಿಂದ ಹಿಡಿದು, 2015ರಲ್ಲಿ ಅಮೆರಿಕದ ಪತ್ರಿಕೋದ್ಯಮ ತರಬೇತಿ ಸಂಸ್ಥೆ ಪಾಯಿಂಟರ್ ಕಟ್ಟಿದ ಅಂತರರಾಷ್ಟ್ರೀಯ ಫ್ಯಾಕ್ಟ್ ಚೆಕಿಂಗ್ ಜಾಲದ ಸದಸ್ಯರವರೆಗೆ ಇವರ ಕೆಲಸ ಅಮೂಲ್ಯವಾದದ್ದು. ಆದರೆ ಅವರು ಕೈಹಾಕುವುದು ಆಗಲೇ ದೊಡ್ಡದಾಗಿ ಹರಡಿದ ಸಂಗತಿಗೆ, ಮತ್ತು ಸಣ್ಣ ಗುಂಪುಗಳಲ್ಲಿ ಓಡಾಡುವ ವದಂತಿ ಅವರ ಗಮನಕ್ಕೇ ಬರುವುದಿಲ್ಲ. ಅವರ ಬರಹಗಳನ್ನು ತೀರ್ಪಿಗಾಗಿ ಮಾತ್ರವಲ್ಲದೆ ವಿಧಾನಕ್ಕಾಗಿಯೂ ಓದಿದರೆ ಹೆಚ್ಚು ಲಾಭ. ಯಾವ ಹೆಜ್ಜೆಯ ನಂತರ ಯಾವ ಹೆಜ್ಜೆ ಇಟ್ಟರೆಂಬುದನ್ನು ಒಳ್ಳೆಯ ಸಂಸ್ಥೆಗಳು ಬರೆದಿರುತ್ತವೆ.

ಆತ್ಮೀಯರೊಬ್ಬರು ಸುಳ್ಳುಸುದ್ದಿ ಕಳಿಸಿದರೆ ಹೇಗೆ ಹೇಳುವುದು?

ಎಲ್ಲರೆದುರು ತಿದ್ದುವುದಕ್ಕಿಂತ ಅವರೊಬ್ಬರಿಗೇ ಬರೆಯುವುದು ಮೇಲು. 'ಇದು ಸುಳ್ಳು' ಎಂಬ ಘೋಷಣೆಗಿಂತ 'ಇದು ನಿಮಗೆ ಎಲ್ಲಿಂದ ಬಂತು?' ಎಂಬ ಪ್ರಶ್ನೆಯಿಂದ ಮಾತು ಮುಂದುವರಿಯುತ್ತದೆ. ತಿದ್ದುವಾಗ ಸುಳ್ಳನ್ನೇ ದಪ್ಪಕ್ಷರದಲ್ಲಿ ಮತ್ತೆ ಬರೆಯಬೇಡಿ. ನಿಜವಾದದ್ದನ್ನು ಮೊದಲು ಹೇಳಿ, ಅದರ ಮೂಲವನ್ನು ಕೊಡಿ.

ಹಂಚಿದ ಮೇಲೆ ಅದು ತಪ್ಪೆಂದು ಗೊತ್ತಾದರೆ?

ಸದ್ದಿಲ್ಲದೆ ಅಳಿಸಿಹಾಕಿದರೆ ಸಾಲದು, ಏಕೆಂದರೆ ಅಷ್ಟರಲ್ಲಿ ಓದಿದವರಿಗೆ ಅದು ತಪ್ಪೆಂದು ತಿಳಿಯುವುದೇ ಇಲ್ಲ. ಒಳ್ಳೆಯ ಪತ್ರಿಕೆಗಳು ಪಾಲಿಸುವ ಕ್ರಮ ಇಲ್ಲಿಯೂ ಅನ್ವಯಿಸುತ್ತದೆ: ತಪ್ಪು ಎಲ್ಲಿ ಪ್ರಕಟವಾಗಿತ್ತೋ ಅಲ್ಲಿಯೇ, ಅಷ್ಟೇ ಜನರಿಗೆ ಕಾಣುವಂತೆ, ಯಾವ ದಿನದ ಯಾವ ಸಂದೇಶದಲ್ಲಿ ಏನು ತಪ್ಪಿತ್ತು, ಸರಿಯಾದದ್ದು ಯಾವುದು, ಅದು ಎಲ್ಲಿಂದ ಗೊತ್ತಾಯಿತು ಎಂಬುದನ್ನು ಎರಡು ಮೂರು ವಾಕ್ಯಗಳಲ್ಲಿ ಬರೆಯಬೇಕು. ಒಬ್ಬ ವ್ಯಕ್ತಿಯ ಹೆಸರು ಅದರಲ್ಲಿ ಬಂದಿದ್ದರೆ ಮೂಲ ಸಂದೇಶವನ್ನು ಅಳಿಸಿ, ಅದನ್ನು ಮುಂದೆ ಕಳಿಸಿದವರಿಗೂ ತಿದ್ದುಪಡಿಯನ್ನು ತಲುಪಿಸುವಂತೆ ಕೇಳಬೇಕು.